ಮೂತಿ ಏಳುವ ಹೊತ್ತು

ಬೂಟು ಬಿಚ್ಚಿ ಬುಟ್ಟಿಗೆ ಹಾಕಿಯೇ ದೋಣಿ ಹತ್ತಬೇಕು ಎಂಬುದು ನೀಲೊ ಮೊರ್ತೋಲಾನಿಗೆ ಗೊತ್ತಿಲ್ಲದ್ದೇನಲ್ಲ. ಮೂವತ್ತೊಂದು ವರ್ಷ ಬೇರೆಯವರ ದೋಣಿಗಳಿಗೆ ಕ್ಯಾಪ್ಟನ್ ಆಗಿದ್ದವನು. ಹತ್ತುವ ಹಲಗೆಯ ಬುಡದಲ್ಲಿ ಬೆತ್ತದ ಬುಟ್ಟಿ ಇಟ್ಟುಕೊಂಡು ನಿಂತು ಎಷ್ಟು ಜನ ದೊಡ್ಡವರ ಬೂಟು ಬಿಚ್ಚಿಸಿದ್ದಾನೋ ಅವನಿಗೇ ನೆನಪಿಲ್ಲ. ತೇಗದ ಹಲಗೆಯ ಮೇಲೆ ಹಿಮ್ಮಡಿಯ ಒಂದು ಕರೀ ಗೀರು ಬಿದ್ದರೆ ಉಜ್ಜುವವನು ತಾನೇ ತಾನೆ. ಆದರೆ ಈ ದಿನ ಬೆಳಿಗ್ಗೆ ತನ್ನೂರು ಕಮೋಲಿಯಲ್ಲಿ ಆರೂ ಮುಕ್ಕಾಲರ ರೈಲು ಹಿಡಿಯುವ ಗಡಿಬಿಡಿಯಲ್ಲಿ ಹಾಕಿಕೊಂಡ ಕಾಲುಚೀಲದ ಎಡಗಾಲಿನ ತುದಿ ಹರಿದಿದೆ ಎಂಬುದು ವಿಯಾರೆಜ್ಜೊದ ಈ ಧಕ್ಕೆಯ ಮೇಲೆ, ಇಷ್ಟು ಜನರ ಮುಂದೆ, ಬಗ್ಗಿ ಲೇಸು ಎಳೆದಾಗ ಗೊತ್ತಾಯಿತು. ಮುಂದೆ ಹೋದ ಮೂವರಿಗೂ ದೋಣಿ ಕಟ್ಟಿ ಮಾರುವ ಹಡಗುಕಟ್ಟೆಯವರು ಬಿಳೀ ಬಟ್ಟೆಯ ಚಪ್ಪಲಿ ಕೊಟ್ಟರು. ಇವನ ಅಳತೆಯದು ಇರಲಿಲ್ಲ. ಪರವಾಗಿಲ್ಲ ಬಿಡಿ ಎಂದು ಇವನೇ ಹೇಳಿದ. ಹೆಬ್ಬೆರಳನ್ನು ಒಳಗೆ ಮಡಚಿಕೊಂಡು ಹಲಗೆ ಹತ್ತುವಾಗ, ಐವತ್ತೆಂಟು ವರ್ಷದ ಗಂಡಸು ಹೀಗೆ ಬೆರಳು ಮಡಚಿಕೊಂಡು ನಡೆಯುವುದನ್ನು ತೆಕ್ಲಾ ನೋಡಿದ್ದರೆ ಏನೆನ್ನುತ್ತಿದ್ದಳು ಎಂದುಕೊಂಡ. ತೆಕ್ಲಾ ಅವನ ಹೆಂಡತಿ. ನಿನ್ನೆ ಅಂಗಿ ಇಸ್ತ್ರಿ ಮಾಡುತ್ತ, ಇಪ್ಪತ್ತೇಳು ಮೀಟರ್ ದೋಣಿ, ಇಪ್ಪತ್ತೇಳು, ಎಂದು ಕೆಳಮನೆಯವಳಿಗೆ ಕಿಟಕಿಯಿಂದಲೇ ಕೂಗಿ ಹೇಳಿದ್ದಳು.

ಮಾರ್ಚ್ ತಿಂಗಳು. ನೈಋತ್ಯದ ಗಾಳಿ ಎದ್ದು ಎರಡು ದಿನವಾಗಿತ್ತು. ಅಲೆ ತಡೆಯುವ ಅಡ್ಡಗೋಡೆಯಾಚೆ ಸಮುದ್ರ ಬೂದು ಬಣ್ಣಕ್ಕೆ ತಿರುಗಿ ಗೊಣಗುತ್ತಿತ್ತು. ಧಕ್ಕೆಯಲ್ಲಿ ಎರಡು ದೋಣಿಗಳು ಅಕ್ಕಪಕ್ಕ ನಿಂತಿದ್ದವು. ಒಂದಕ್ಕೆ ಮಹಡಿಯಿತ್ತು, ಮೇಲೆ ಇನ್ನೊಂದು ಚುಕ್ಕಾಣಿ, ನಿಂತರೆ ನಾಲ್ಕೂ ಕಡೆ ಕಾಣುವ ಹಾಗೆ. ಇನ್ನೊಂದು ತೆರೆದ ಬಗೆಯದು, ತಗ್ಗು, ಉದ್ದ. ಮಹಡಿಯ ಗೊಡವೆ ಇಲ್ಲ, ಮೇಲಿನ ಮಾಡು ಗುಂಡಿ ಒತ್ತಿದರೆ ಹಿಂದೆ ಸರಿದು ಆಕಾಶ ಬಿಚ್ಚಿಕೊಳ್ಳುತ್ತದೆ, ಕೂಡುವ ಜಾಗ, ಊಟದ ಮೇಜು, ಚುಕ್ಕಾಣಿ ಎಲ್ಲ ಒಂದೇ ನೆಲದ ಮೇಲೆ. ಬೆಲೆ ಎರಡರದೂ ಹೆಚ್ಚುಕಡಿಮೆ ಒಂದೇ. ಯಾವುದನ್ನು ಆರಿಸುವುದು ಎಂದು ನೋಡಲಿಕ್ಕೆ ಇಂಜಿನಿಯರ್ ಬೆಲಾಂದಿ ಬ್ರೆಷಿಯಾದಿಂದ ಕಾರಿನಲ್ಲಿ ಹೆಂಡತಿಯೊಂದಿಗೆ ಬಂದಿದ್ದ. ನಲ್ಲಿ ಮಾಡುವ ಕಾರ್ಖಾನೆಯ ಯಜಮಾನ. ಓದಿದ ಇಂಜಿನಿಯರಿಂಗನ್ನು ಮರೆತು ನಲವತ್ತು ವರ್ಷವಾಗಿದ್ದರೂ ಊರೆಲ್ಲ ಹಾಗೇ ಕರೆಯಬೇಕು. ನೀಲೊ ಹನ್ನೊಂದು ಬೇಸಿಗೆ ಅವನ ಹಳೆಯ ದೋಣಿಯನ್ನು ನಡೆಸಿದ್ದ. ವಾರದ ಹಿಂದೆ ಫೋನು ಮಾಡಿ, ನೀನು ಬರಲೇಬೇಕು, ನಿನ್ನ ಕಣ್ಣು ಬೇಕು ನನಗೆ, ಎಂದಿದ್ದ. ಅಷ್ಟು ಸಾಕಾಗಿತ್ತು. ಚಳಿಗಾಲವಿಡೀ ಮೀನುದೋಣಿಗಳ ಅಡಿಗೆ ಅಂಟಿದ ಚಿಪ್ಪು ಕೆರೆದು ಕೆರೆದು ಉಗುರುಗಳೆಲ್ಲ ಹೋಗಿದ್ದ ಕೈಯಲ್ಲಿ ಫೋನು ಹಿಡಿದುಕೊಂಡು, ಬರ್ತೀನಿ ಸಾಹೇಬ್ರೆ, ಬರ್ದೆ ಇರ್ತೀನಾ, ಎಂದಿದ್ದ. ಹೊಸ ದೋಣಿ ಬಂದರೆ ಹೊಸ ಕೆಲಸ. ಬಾರದಿದ್ದರೆ ಐವತ್ತೆಂಟರಲ್ಲಿ ಯಾರು ಕರೆಯುತ್ತಾರೆ, ಅದೂ ಆಗಸ್ಟಿನ ಆ ಕಥೆ ಹೆಸರಿಗೆ ಅಂಟಿಕೊಂಡವನನ್ನು.

ಮಾರಾಟದ ಹೆಂಗಸು ಫುಲ್ವಿಯಾ ಚುರುಕಿನವಳು. ಸೋಫಾದ ಚರ್ಮ ಮುಟ್ಟಿ ನೋಡಿ ಎಂದಳು, ಮಾಡನ್ನು ಎರಡು ಸಲ ತೆಗೆದು ಮುಚ್ಚಿದಳು, ಹಿಂಬದಿಯ ಹಲಗೆ ನೀರಿನೊಳಕ್ಕೆ ಇಳಿದು ಮೆಟ್ಟಿಲಾಗುವುದನ್ನು ತೋರಿಸಿದಳು. ಬೆಲಾಂದಿ ಚುಕ್ಕಾಣಿಯ ಮುಂದೆ ಕುಳಿತು ಎರಡೂ ಕೈ ಅದರ ಮೇಲಿಟ್ಟ. ಕೈಗಳು ದಪ್ಪಗಿದ್ದವು, ಉಂಗುರದ ಬೆರಳು ಊದಿಕೊಂಡಿತ್ತು. ಆ ಕೈಗಳನ್ನು ನೋಡಬಾರದು ಎಂದು ನೀಲೊ ರೈಲಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದ. ನೋಡಿದ. ಮಹಡಿಯ ದೋಣಿ ತನಗೆ ಆಗದು, ಮೇಲೆ ಹತ್ತಿ ಕೂತರೆ ಗಂಟೆಗೋಪುರದಲ್ಲಿ ಕೂತ ಪಾದ್ರಿಯ ಹಾಗೆ, ನೀರು ಮುಖಕ್ಕೆ ಹಾರದಿದ್ದರೆ ಅದೂ ಒಂದು ದೋಣಿಯೇ, ಎಂದು ಬೆಲಾಂದಿ ನಕ್ಕ. ಫುಲ್ವಿಯಾ ಇನ್ನೂ ಜೋರಾಗಿ ನಕ್ಕಳು. ಹೆಂಡತಿ ಇರ್ಮಾ ಮಾತ್ರ ನಗಲಿಲ್ಲ. ಅವಳು ಕೋಟು ಬಿಚ್ಚದೆ, ಕೈಗವಸು ಬಿಚ್ಚದೆ ಮೇಜಿನ ಅಂಚಿಗೆ ಕುಳಿತಿದ್ದಳು, ಆಸ್ಪತ್ರೆಯಲ್ಲಿ ಸರದಿ ಕಾಯುವವಳ ಹಾಗೆ. ತಟ್ಟನೆ ನೀಲೊನ ಕಡೆ ತಿರುಗಿದಳು.

“ನೀಲೊ, ನೀನು ಹೇಳು. ಯಾವುದ್ರಲ್ಲಿ ಮುಂದೆ ಇರೋರು ಚೆನ್ನಾಗಿ ಕಾಣ್ತಾರೆ?”

ಮುಂದೆ ಇರೋದು ಎನ್ನಲಿಲ್ಲ, ಮುಂದೆ ಇರೋರು ಎಂದಳು. ಪ್ರಶ್ನೆ ಇಷ್ಟು ಸರಳವಾಗಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಉತ್ತರವೂ ಸರಳವೇ. ಇಂಥ ದೋಣಿ ವೇಗ ಹಿಡಿಯುವಾಗ ಮೊದಲು ಹಿಂಬದಿ ಕುಸಿಯುತ್ತದೆ, ಮುಂದಿನ ಚೂಪು ಮೂತಿ ಮೇಲೇಳುತ್ತದೆ. ನೀರಿನ ಮೇಲೆ ಹತ್ತಿ ಮಟ್ಟಸವಾಗುವ ತನಕ ತಗ್ಗಿನಲ್ಲಿ ಕೂತು ನಡೆಸುವವನಿಗೆ ಬಿಳೀ ಮೂತಿ ಮತ್ತು ಆಕಾಶ ಬಿಟ್ಟರೆ ಬೇರೇನೂ ಕಾಣದು. ಐದಾರು ಸೆಕೆಂಡು. ಕೆಲವರ ಕೈಯಲ್ಲಿ ಎಂಟು. ಅದಕ್ಕೇ ಬಲ್ಲವರು ವೇಗ ಕೊಡುವ ಮೊದಲು ಒಬ್ಬನನ್ನು ಮೂತಿಯ ತುದಿಗೆ ಕಳಿಸುತ್ತಾರೆ, ಇಲ್ಲವೇ ಎದ್ದು ನಿಂತು ಕತ್ತು ಚಾಚುತ್ತಾರೆ. ಮಹಡಿಯಿದ್ದರೆ ಇದೊಂದೂ ಬೇಡ. ಇದನ್ನು ಹೇಳಲು ಅರ್ಧ ನಿಮಿಷವೂ ಬೇಕಾಗಿರಲಿಲ್ಲ. ಬೆಲಾಂದಿ ಚುಕ್ಕಾಣಿಯ ಮೇಲಿಂದ ಕೈ ತೆಗೆಯದೆ ಹಿಂದಕ್ಕೆ ನೋಡಿದ. ಆ ನೋಟದಲ್ಲಿ ಬೆದರಿಕೆಯಿರಲಿಲ್ಲ, ಆಟದ ಸಾಮಾನು ಎಲ್ಲಿ ಕಸಿದುಕೊಳ್ಳುತ್ತಾರೋ ಎಂಬಂಥ ಅಂಜಿಕೆಯಿತ್ತು. ಅದನ್ನು ಕಂಡು ನೀಲೊನಿಗೆ ಅಯ್ಯೋ ಅನ್ನಿಸಿತು. ಯಜಮಾನನ ಮೇಲೆ ಅಯ್ಯೋ ಅನ್ನಿಸುವುದು ಎಷ್ಟು ಸುಲಭ. ಈಗಿನವಕ್ಕೆ ಹಿಂಬದಿಯಲ್ಲಿ ತಾವಾಗಿಯೇ ಬಾಗುವ ರೆಕ್ಕೆಗಳಿರುತ್ತವೆ ಸಿನ್ಯೋರಾ, ಮೂತಿ ಅಷ್ಟಾಗಿ ಏಳುವುದಿಲ್ಲ, ಇದೇನೂ ತೊಂದರೆಯಿಲ್ಲ, ನನ್ನ ಕೇಳಿದರೆ ಇದೇ ಸರಿ, ಎಂದು ಹೇಳುತ್ತಿರುವ ತನ್ನ ದನಿಯನ್ನು ತಾನೇ ಕೇಳಿಸಿಕೊಂಡ.  ಇರ್ಮಾ, ನೀನೇ ಹಾಗಂದ್ರೆ ಸರಿ, ಎಂದು ಕೈಗವಸಿನ ಗುಂಡಿ ಹಾಕಿಕೊಂಡಳು. ಅದು ಮೊದಲೇ ಹಾಕಿಯೇ ಇತ್ತು.

ಹನ್ನೊಂದಕ್ಕೆ ಆ ತೆರೆದ ದೋಣಿಯಲ್ಲೇ ಹೊರಗೆ ಹೋದರು. ಹಡಗುಕಟ್ಟೆಯ ನಾವಿಕ ದೋಣಿಯನ್ನು ಅಡ್ಡಗೋಡೆ ದಾಟಿಸಿ ಬಯಲಿಗೆ ತಂದ ಮೇಲೆ ಬೆಲಾಂದಿ ಎದ್ದು, ಕೊಡಿ ಇಲ್ಲಿ, ಎಂದ. ಹಾಗೆಯೇ ಎಂದಿದ್ದ ಆಗಸ್ಟಿನಲ್ಲೂ, ಹಳೆಯ ದೋಣಿಯಲ್ಲಿ. ಸಾನ್ ಫ್ರುತ್ತೂಜೊ ಕೊಲ್ಲಿಯಲ್ಲಿ ಊಟ ಮುಗಿದಿತ್ತು, ಬ್ರೆಷಿಯಾದ ನೆಂಟರು ನಾಲ್ವರು ಬಿಸಿಲಿನಲ್ಲಿ ಮೈಚೆಲ್ಲಿಕೊಂಡಿದ್ದರು, ನೀಲೊ ಲಂಗರು ಎತ್ತಿ ಚುಕ್ಕಾಣಿಗೆ ಬಂದಾಗ ಬೆಲಾಂದಿ ಬಂದು ಭುಜ ಒತ್ತಿ, ಕೊಡು ಇಲ್ಲಿ, ನೀನು ಸ್ವಲ್ಪ ಮುಂದೆ ನೋಡು, ಎಂದ. ನೀಲೊ ಮುಂದಕ್ಕೆ ಹೊರಟಿದ್ದ, ಹೊರಟೇ ಇದ್ದ, ಅಷ್ಟರಲ್ಲಿ ಇರ್ಮಾ, ನೀಲೊ, ಆ ಪೀಚ್ ಹಣ್ಣು ಹೆಚ್ಚಿ ವೈನಿಗೆ ಹಾಕಿಡು ಎಂದಿದ್ದೆನಲ್ಲ, ಎಂದಳು. ಮರೆತಿದ್ದ. ಕ್ಯಾಪ್ಟನ್ ಎಂದು ಅಂಗಿಯ ಮೇಲೆ ಹೊಲಿಸಿಕೊಂಡವನು ನೆಂಟರ ಮುಂದೆ ಹಣ್ಣು ಹೆಚ್ಚುವುದಕ್ಕಾಗಿ ಬೈಸಿಕೊಳ್ಳುವುದು ಬೇಡ ಎಂದು ಕೆಳಗೆ ಇಳಿದ. ಹಿಂದೆ ಇಂಜಿನ್ನು ಗುಡುಗಿತು. ನೆಲ ಹಿಂದಕ್ಕೆ ವಾಲಿತು. ಹಣ್ಣಿನ ರಸ ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿತ್ತು. ಮೂರನೆಯ ಹಣ್ಣಿನ ಬೀಜ ಬಿಡಿಸುತ್ತಿದ್ದಾಗ ಅಡಿಯಲ್ಲಿ ಏನೋ ತಟ್ಟಿತು, ಮೆತ್ತಗೆ, ತೇಲುವ ಕೊರಡಿಗೆ ತಾಗಿದಷ್ಟು ಸಹ ಅಲ್ಲ. ಮೇಲೆ ಬಂದಾಗ ಬೆಲಾಂದಿ ಇಂಜಿನ್ ಆರಿಸಿ ಎರಡೂ ಕೈ ಮೇಲೆತ್ತಿ ನಿಂತಿದ್ದ, ಯಾರೋ ಕೋವಿ ಗುರಿಯಿಟ್ಟ ಹಾಗೆ, ನನಗೇನೂ ಕಾಣಲಿಲ್ಲ, ಆಕಾಶ ಕಂಡಿತು ಅಷ್ಟೆ, ಎನ್ನುತ್ತಿದ್ದ. ಹಿಂದೆ ನೀರಿನಲ್ಲಿ ಹಳದಿ ಈಜುಟೋಪಿ ಹಾಕಿದ ಹೆಂಗಸು.

ನೀರಿಗೆ ಹಾರಿದವನು ನೀಲೊ. ಬೆಲ್ಟು ಬಿಚ್ಚಿ ಅವಳ ತೊಡೆಗೆ ಬಿಗಿದವನು, ಹತ್ತಿರದ ಸಾಂತಾ ಊರಿನ ಧಕ್ಕೆಯ ತನಕ ಅವಳ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತವನು ಅವನೇ. ಅಷ್ಟು ನಿಜ. ಆಮೇಲೆ ಬಂದರು ಕಚೇರಿಯ ಹೊರಗಿನ ಕಲ್ಲುಬೆಂಚಿನ ಮೇಲೆ ಬೆಲಾಂದಿ ಅವನ ಒದ್ದೆ ಕೈ ಹಿಡಿದುಕೊಂಡ. ಬೆಲಾಂದಿಯ ದೋಣಿ ನಡೆಸುವ ಪರವಾನಗಿಯ ಅವಧಿ ಏಪ್ರಿಲ್‌ನಲ್ಲೇ ಮುಗಿದಿತ್ತು, ಬಾಯಲ್ಲಿ ವೈನಿನ ವಾಸನೆಯಿತ್ತು. ವಿಮೆಯವರು ಕೈ ಎತ್ತಿದರೆ ಆ ಹೆಂಗಸಿಗೇ ಏನೂ ಸಿಗುವುದಿಲ್ಲ ನೋಡು, ಅವಳ ಸಲುವಾಗಿ ಅಂದುಕೋ, ಎಂದ. ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇತ್ತು, ಅದೇ ಕೆಟ್ಟದ್ದು. ನನ್ನ ಜೀವ ಇರೋವರೆಗೂ ನೀನೇ ನನ್ನ ಕ್ಯಾಪ್ಟನ್, ಮುಂದಿನ ದೋಣಿ ಇದಕ್ಕಿಂತ ದೊಡ್ಡದು, ಅದೂ ನಿಂದೇ, ಎಂದ. ನೀಲೊ ಒಳಗೆ ಹೋಗಿ, ಚುಕ್ಕಾಣಿ ಹಿಡಿದಿದ್ದವನು ನಾನು, ಎಂದು ಬರೆಸಿ ರುಜು ಹಾಕಿದ. ಆರು ತಿಂಗಳು ಅವನ ಪರವಾನಗಿ ಕಿತ್ತುಕೊಂಡರು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡದ್ದಕ್ಕೆ ಜೈಲು ತಪ್ಪಿತು. ಹೆಂಗಸಿಗೆ ಒಂದು ಕಾಲು ಮೊಣಕಾಲಿನ ಕೆಳಗೆ ಹೋಯಿತು.

ಅವಳ ಹೆಸರು ಎರ್ಮಿನಿಯಾ ರವಾಸ್ಕೊ. ರೆಕ್ಕೊ ಊರಿನ ಶಾಲೆಯಲ್ಲಿ ಭೂಗೋಳ ಹೇಳುವವಳು, ಒಂಟಿ. ಸೆಪ್ಟೆಂಬರಿನಲ್ಲಿ ನೀಲೊ ಆಸ್ಪತ್ರೆಗೆ ಹೋಗಿದ್ದ, ಯಾರೂ ಹೋಗೆಂದಿರಲಿಲ್ಲ. ಬಾಗಿಲಲ್ಲಿ ನಿಂತವನನ್ನು ಅವಳೇ ಒಳಗೆ ಕರೆದು ಕುರ್ಚಿ ತೋರಿಸಿದಳು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಒಂದೇ ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬಾರದು ಎಂದು ಶಾಲೆಯ ದನಿಯಲ್ಲಿ ಹೇಳಿ, “ನಾನು ಕೈ ಎತ್ತಿ ಬೀಸಿದ್ದೆ. ನಿಮಗೆ ಕಾಣ್ಲೇ ಇಲ್ವಾ?” ಎಂದಳು. ಕಾಣಲಿಲ್ಲ, ಎಂದ ನೀಲೊ. ಅದು ಸುಳ್ಳಲ್ಲ. ಕೆಳಗೆ ಹಣ್ಣು ಹೆಚ್ಚುತ್ತಿದ್ದವನಿಗೆ ಏನು ಕಾಣಬೇಕು. ಆದರೆ ಅವಳು ಇನ್ನೂ ಕಾಯುತ್ತಿದ್ದಳು. ಅದಕ್ಕೆ ಅವನು ಮೂತಿ ಏಳುವುದನ್ನು ವಿವರಿಸಿದ, ಬಿಳುಪು, ಆಮೇಲೆ ಆಕಾಶ, ಒಂದು ಮೋಡವೂ ಇತ್ತು ಎಂದು ಸೇರಿಸಿದ. ಬೆಲಾಂದಿಯ ಕಣ್ಣಿಗೆ ಬಿದ್ದದ್ದನ್ನೆಲ್ಲ ತನ್ನದೆಂದು ಹೇಳಿದ. ಹೇಳುತ್ತ ಹೇಳುತ್ತ ಅತ್ತ. ಅವಳು ಅವನ ತಲೆಯ ಮೇಲೆ ಕೈಯಿಟ್ಟು, ಹೋಗಲಿ, ನೀವು ನೀರಿಗೆ ಹಾರಿದಿರಲ್ಲ, ಬೇರೆಯವರಾದರೆ ಅದೂ ಇಲ್ಲ, ಎಂದಳು. ಅವಳು ಕೊಟ್ಟ ಕ್ಷಮೆ ಬೇರೆಯವನಿಗೆ ಸೇರಬೇಕಾದದ್ದು, ತಾನು ಅದನ್ನು ದಾರಿಯಲ್ಲೇ ಎಗರಿಸಿದೆ ಎಂದು ಅವನಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ತನ್ನ ಪಾಲಿನ ತಪ್ಪಿಗೆ, ಮೂತಿಯ ತುದಿಯಲ್ಲಿ ನಿಲ್ಲದೆ ಹೋದದ್ದಕ್ಕೆ, ಅವನು ಏನನ್ನೂ ಕೇಳಿರಲೇ ಇಲ್ಲ. ಅದು ಹಾಗೇ ಉಳಿದಿತ್ತು.

ಈಗ ಬೆಲಾಂದಿ ವೇಗದ ಎರಡೂ ಹಿಡಿಗಳನ್ನು ಒಟ್ಟಿಗೆ ಮುಂದಕ್ಕೆ ತಳ್ಳಿದ. ಹಿಂಬದಿ ಕುಸಿಯಿತು. ನೀಲೊ ಗಾಜಿನ ಹತ್ತಿರ ಹೋಗಿ ನಿಂತಿದ್ದ, ಎಡಗಾಲಿನ ಹೆಬ್ಬೆರಳು ತೇಗದ ಹಲಗೆಯನ್ನು ಒತ್ತಿ ಹಿಡಿದಿತ್ತು, ಅದನ್ನು ಯಾರು ನೋಡುತ್ತಾರೆಂಬ ಪರಿವೆ ಅವನಿಗಿರಲಿಲ್ಲ. ಬಿಳೀ ಮೂತಿ ಎದ್ದಿತು. ಕಡಲು ಇಲ್ಲವಾಯಿತು. ಒಂದು, ಎರಡು, ಮೂರು. ಈ ಮಾರ್ಚಿನ ಚಳಿಯಲ್ಲಿ ಯಾರು ಈಜುತ್ತಾರೆ, ಯಾರೂ ಇಲ್ಲ. ನಾಲ್ಕು, ಐದು. ಫುಲ್ವಿಯಾ ಏನೋ ಹೇಳುತ್ತಿದ್ದಳು. ಹಿಂದೆ ಇರ್ಮಾ ಮೇಜಿನ ಅಂಚನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ಏಳು. ಏಳೂವರೆ. ಮೂತಿ ಇಳಿಯಿತು, ಖಾಲಿ ಸಮುದ್ರ ಹಾಸಿಕೊಂಡಿತು, ಬೆಲಾಂದಿ ಗಾಳಿಗೆ ಬಾಯಿ ತೆರೆದು ನಗುತ್ತ, ನೋಡಿದ್ಯಾ ನೀಲೊ, ಬೆಣ್ಣೆ, ಬೆಣ್ಣೆ, ಎಂದ. ರೆಕ್ಕೆಗಳಿದ್ದೂ ಏಳೂವರೆ. ಹಳೆಯದಕ್ಕಿಂತ ಹೆಚ್ಚು. ಹೌದು ಸಾಹೇಬ್ರೆ, ಎಂದ ನೀಲೊ. ಮನಸ್ಸಿನಲ್ಲಿ ಅವನು ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದ: ತಾನಿರುತ್ತೇನಲ್ಲ. ಇನ್ನು ಮೇಲೆ ಹಣ್ಣು ಹೆಚ್ಚುವುದೂ ಇಲ್ಲ, ಮಂಜುಗಡ್ಡೆ ತರುವುದೂ ಇಲ್ಲ. ಈತ ಚುಕ್ಕಾಣಿ ಕೇಳಿದಾಗಲೆಲ್ಲ ಮೂತಿಯ ತುದಿಯಲ್ಲಿ ತಾನು. ಇಂಥ ದೋಣಿಯನ್ನು ಆರಿಸಿದ್ದಕ್ಕೆ ಅದೇ ಪ್ರಾಯಶ್ಚಿತ್ತ. ಅಷ್ಟು ಅಂದುಕೊಂಡದ್ದೇ ಎದೆ ಹಗುರಾಯಿತು, ತಿಂಗಳುಗಳ ಮೇಲೆ ಮೊದಲ ಸಲ ಹಸಿವಾಯಿತು.

ಧಕ್ಕೆಗೆ ಮರಳಿದ ಮೇಲೆ ಬೆಲಾಂದಿ ಕಾಗದದ ಮಾತಿಗೆ ಕುಳಿತ. ನೀಲೊ, ನಾವಿಕರ ಕೋಣೆ ನೋಡಿಬರುತ್ತೇನೆಂದು ಮುಂದೆ ಹೋದ. ಇಂಥ ದೋಣಿಗಳಲ್ಲಿ ನಾವಿಕರ ಜಾಗ ಮೂತಿಯೊಳಗೇ, ಮೇಲಿನ ಮುಚ್ಚಳ ಎತ್ತಿ ಏಣಿಯಿಂದ ಇಳಿಯಬೇಕು. ಇಳಿದ. ಎರಡು ಹಾಸಿಗೆ, ಒಂದು ಕೈತೊಳೆಯುವ ತೊಟ್ಟಿ, ಕೂತರೆ ಮಂಡಿ ಗೋಡೆಗೆ ತಾಗುವ ಪಾಯಖಾನೆ. ಹಳೆಯದರಲ್ಲಿ ಇಷ್ಟೂ ಇರಲಿಲ್ಲ, ಹಗ್ಗದ ಸುರುಳಿಗಳ ನಡುವೆ ಮಲಗುತ್ತಿದ್ದ. ಕ್ಯಾಪ್ಟನ್ನಿನ ಹಾಸಿಗೆಯ ಮೇಲೆ ಚಾಚಿಕೊಂಡು ನೋಡಿದ. ಕಾಲಿನ ಕೆಳಗೆ ಇನ್ನೂ ಒಂದೂವರೆ ಗೇಣು ಜಾಗ ಉಳಿಯಿತು. ತಲೆಯ ಹತ್ತಿರ ತೆಕ್ಲಾಳ ಫೋಟೋ ಅಂಟಿಸಬಹುದು, ಬಚ್ಚಲ ಬಾಗಿಲಿಗೆ ಒಂದು ಕೊಕ್ಕೆ ಹಾಕಿಸಬೇಕು. ಮುಚ್ಚಳದಲ್ಲಿ ಫುಲ್ವಿಯಾಳ ಮುಖ ಕಾಣಿಸಿತು. ಎದ್ದು ಕೂತ, ಕದ್ದು ಸಿಕ್ಕಿಬಿದ್ದವನ ಹಾಗೆ ಹಾಸಿಗೆಯನ್ನು ಸವರಿ ಸರಿಮಾಡಿದ. ಹಾಸಿಗೆ ಸಾಕಾಗುತ್ತದಾ ಎಂದು ಅವಳು ಕೇಳಿದಳು. ಧಾರಾಳ, ಎಂದ, ನನಗೆ ಇಷ್ಟುದ್ದ ಯಾಕೆ.

“ನಿಮಗಲ್ಲ,” ಎಂದು ಅವಳು ನಕ್ಕಳು, “ಇವಾನೊಗೆ. ಅವ್ರು ಆರಡಿ ಮೂರಂಗುಲ ಇದ್ದಾರೆ, ಅದಕ್ಕೆ ಉದ್ದ ಮಾಡಿ ಅಂತ ಇಂಜಿನಿಯರ್ ಸಾಹೇಬ್ರು ಹೋದ ತಿಂಗಳೇ ಬರೆದಿದ್ರು. ಎರಡರಲ್ಲೂ ಮಾಡಿಸಿದ್ವಿ, ಯಾವುದು ತಗೊಂಡ್ರೂ ಇರಲಿ ಅಂತ.”

ನೀಲೊ ಕೂತೇ ಇದ್ದ. ಇವಾನೊ ಯಾರು ಎಂದು ಕೇಳುವ ಅಗತ್ಯವಿರಲಿಲ್ಲ, ಕೂತದ್ದು ಕ್ಯಾಪ್ಟನ್ನಿನ ಹಾಸಿಗೆಯ ಮೇಲೆ. ಅವಳ ಮುಖದ ನಗೆ ಮೆಲ್ಲಗೆ ಆರಿ, ನಿಮಗೆ ಹೇಳಿದ್ದಾರೆ ಅಂದುಕೊಂಡೆ, ಎಂದು ಅಲ್ಲಿಂದ ಸರಿದಳು. ಅವನು ಏಣಿ ಹತ್ತಿ ಮೇಲೆ ಬರುವಷ್ಟರಲ್ಲಿ ಬೆಲಾಂದಿ ಎದುರು ಬಂದಿದ್ದ. ಮುಖ ಕೆಂಪಾಗಿತ್ತು. ಊಟದ ಹೊತ್ತಿಗೆ ಹೇಳೋಣ ಅಂತಿದ್ದೆ ಎಂದು ಶುರುಮಾಡಿದ. ಇಪ್ಪತ್ನಾಲ್ಕು ಮೀಟರು ದಾಟಿದರೆ ಅದು ದೋಣಿಯಲ್ಲ, ಹಡಗಿನ ಲೆಕ್ಕ. ಕ್ಯಾಪ್ಟನ್ನಿನ ಹೆಸರು ವಿಮೆಯ ಕಾಗದದಲ್ಲೇ ಬರಬೇಕು, ಅವರು ಹಿಂದಿನದನ್ನೆಲ್ಲ ಕೆದಕುತ್ತಾರೆ. ಹೊರಗೆ ಫುಲ್ವಿಯಾ ಇದ್ದಳು, ಇರ್ಮಾ ಇದ್ದಳು, ಹಗ್ಗ ಸುತ್ತುತ್ತಿದ್ದ ನಾವಿಕನಿದ್ದ.

“ಒಪ್ಪಲ್ಲ ಕಣಯ್ಯ ಅವ್ರು. ಮೂರು ಕಂಪನಿ ಕೇಳ್ದೆ,” ಎಂದ ಬೆಲಾಂದಿ. “ಒಬ್ಬರ ಕಾಲು ಹೋಗಿದೆ, ಆಗ ಚುಕ್ಕಾಣಿ ಹಿಡಿದಿದ್ದೋನು ನೀನು. ನಾನೇನ್ ಮಾಡ್ಲಿ ಹೇಳು?”

ಆತ ಅದನ್ನು ತೀರ ಸಹಜವಾಗಿ, ಬೇಸರದಿಂದ ಹೇಳಿದ, ದನಿ ತಗ್ಗಿಸಲೂ ಇಲ್ಲ. ನೀಲೊ ಅವನ ಕಣ್ಣನ್ನೇ ನೋಡಿದ. ಅಲ್ಲಿ ಕಪಟ ಸಿಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಸಿಗಲಿಲ್ಲ. ಏಳು ತಿಂಗಳಲ್ಲಿ ಬೆಲಾಂದಿ ಆ ಕಾಗದವನ್ನು ನಂಬಿಬಿಟ್ಟಿದ್ದ, ಇವನು ರುಜು ಹಾಕಿದ್ದನ್ನು ಇವನಿಗೇ ಓದಿ ಹೇಳುತ್ತಿದ್ದ. ನೀಲೊ ಇರ್ಮಾಳ ಕಡೆ ತಿರುಗಿದ. ಹಣ್ಣು ಹೆಚ್ಚಲು ಕೆಳಗೆ ಕಳಿಸಿದವಳು, ಅವಳಿಗಾದರೂ ನೆನಪಿರಬೇಕು. ಅವಳು ಅಡ್ಡಗೋಡೆಯ ದೀಪದ ಕಂಬವನ್ನು ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. ನಾನಲ್ಲ, ನೀವು. ಎರಡು ಪದ. ಅದನ್ನು ಅವನು ಬಾಯೊಳಗೆ ಹೊರಳಿಸಿ ನೋಡಿದ, ಆಸ್ಪತ್ರೆಯಲ್ಲಿ ಅತ್ತದ್ದು ಅಡ್ಡ ಬಂತು. ಈಗ ಹೇಳಿದರೆ ಆ ಅಳು ಏನಾಗಬೇಕು, ಆ ಹೆಂಗಸು ತಲೆಯ ಮೇಲೆ ಇಟ್ಟ ಕೈ ಏನಾಗಬೇಕು. ಹೌದು, ಎಂದ. ನಾನೇ ಹಿಡಿದಿದ್ದೆ.

ಬೆಲಾಂದಿ ನಿಟ್ಟುಸಿರುಬಿಟ್ಟು ಅವನ ಬೆನ್ನು ತಟ್ಟಿದ. ಊಟಕ್ಕೆ ಇರು, ಇವಾನೊನೂ ಬರ್ತಾನೆ, ಒಳ್ಳೇ ಮೀನು ಸಿಗುತ್ತೆ ಇಲ್ಲಿ, ಎಂದ. ರೈಲಿದೆ, ಎಂದ ನೀಲೊ. ಹಲಗೆ ಇಳಿದು, ಬುಟ್ಟಿಯಲ್ಲಿ ಇರ್ಮಾಳ ಮೆತ್ತನೆಯ ಬೂಟುಗಳ ನಡುವೆ ಇದ್ದ ತನ್ನವನ್ನು ಹುಡುಕಿ ತೆಗೆದು ಲೇಸು ಕಟ್ಟುತ್ತಿದ್ದಾಗ ಎದುರಿಗೆ ಉದ್ದನೆಯ ನೆರಳು ಬಂದು ನಿಂತಿತು. ಮೂವತ್ತೈದರ ಆಳು, ಗಾಳಿಗೆ ಸುಟ್ಟ ಮುಖ, ಹಲ್ಲುಗಳ ನಡುವೆ ಸಂದು. ಕೈ ಚಾಚಿದ. ಇವಾನೊ ಬರ್ಗಾಮಿನಿ, ಇಲ್ಲೇ ಲೀದೊ ಕಡೆಯವನು. ನಿಮ್ಮ ಬಗ್ಗೆ ಕೇಳಿದ್ದೇನೆ, ನೀರಿಗೆ ಹಾರಿ ಆಕೆಯನ್ನು ಉಳಿಸಿದಿರಂತೆ, ಎಂದ. ಮಿಕ್ಕದ್ದನ್ನು ಹೇಳದೆ ಮರ್ಯಾದೆ ಉಳಿಸಿದ. ಚಳಿಗಾಲವೆಲ್ಲ ಕೆಲಸವಿಲ್ಲದೆ ಕೂತಿದ್ದೆ, ಇದು ಸಿಕ್ಕಿದ್ದು ಪುಣ್ಯ, ನಿಮ್ಮ ಜಾಗ ಅಂತ ಗೊತ್ತು, ತಪ್ಪು ತಿಳೀಬೇಡಿ, ಎಂದ. ಅವನ ಅಂಗೈ ಬೆಚ್ಚಗಿತ್ತು. ನೀಲೊನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಏನು ಬಂತೆಂದು ಆಮೇಲೂ ಅವನಿಗೆ ತಿಳಿಯಲಿಲ್ಲ.

“ಒಂದು ಕೇಳ್ಲಾ ಕ್ಯಾಪ್ಟನ್ರೆ,” ಎಂದ ಇವಾನೊ, ದೋಣಿಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ. “ಅವ್ರಿಗೆ ಚುಕ್ಕಾಣಿ ಹಿಡಿಯೋ ಹುಚ್ಚಂತೆ. ಹೇಗೆ, ಕೊಡಬಹುದಾ?”

ನೀಲೊ ಎದ್ದು ನಿಂತ. ಮಂಡಿ ಸದ್ದು ಮಾಡಿತು. ಏಳೂವರೆ ಸೆಕೆಂಡು ಎಂಬುದು ಈ ಧಕ್ಕೆಯಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಮೂತಿಯ ತುದಿಯಲ್ಲಿ ನಿಲ್ಲು, ಯಾರು ಏನು ಕೇಳಿದರೂ ಅಲ್ಲಿಂದ ಅಲ್ಲಾಡಬೇಡ ಎಂಬುದೂ ಅವನಿಗೇ ಗೊತ್ತಿತ್ತು.

“ಕೇಳ್ದಾಗ ಕೊಟ್ಬಿಡಿ,” ಎಂದ. “ಚೆನ್ನಾಗೇ ನಡೆಸ್ತಾರೆ.”

ಇವಾನೊ ಎರಡೂ ಕೈಯಲ್ಲಿ ಅವನ ಕೈ ಹಿಡಿದು ಉಪಕಾರ ಹೇಳಿ, ಬೂಟು ಬಿಚ್ಚಲು ಬಗ್ಗಿದ. ನೀಲೊ ಧಕ್ಕೆಯ ಉದ್ದಕ್ಕೂ ನಡೆದ. ಹಿಂತಿರುಗಿ ಕೂಗಿದರೆ ಕೇಳಿಸುವಷ್ಟು ಹತ್ತಿರವೇ ಇದ್ದ. ಬಲೆ ಒಣಹಾಕಿದ ಕಡೆ ಒಮ್ಮೆ, ಸೇತುವೆಯ ಹತ್ತಿರ ಇನ್ನೊಮ್ಮೆ ನಿಂತ. ಎರಡನೆಯ ಸಲ ಬಾಯಿ ತೆರೆದದ್ದೂ ಹೌದು. ಗಾಳಿ ಎದುರಿಗಿತ್ತು. ರೈಲುನಿಲ್ದಾಣದಲ್ಲಿ ಕಮೋಲಿಗೆ ಒಂದು ಟಿಕೆಟು ಕೇಳಿದ. ಸಂಜೆ ತೆಕ್ಲಾ ಬಾಗಿಲಲ್ಲೇ ನಿಂತು, ಯಾವುದು ಆರಿಸಿದರು, ಎಂದು ಕೇಳುತ್ತಾಳೆ. ತೆರೆದದ್ದನ್ನು, ಎನ್ನಬೇಕು. ಆರಿಸಿಕೊಟ್ಟವನು ನಾನೇ ಎಂದೂ ಹೇಳಬೇಕು, ಅದೊಂದಾದರೂ ನಿಜ.